ತುಕ್ಕು ಹಿಡಿದ ಬೆಟ್ಟದ ಕೆಳಗೆ

ಕುಮುಳಿಯ ಚೆಕ್‌ಪೋಸ್ಟ್ ದಾಟಿ ಬಸ್ಸು ತಮಿಳುನಾಡಿನತ್ತ ಇಳಿಯತೊಡಗಿದ್ದೇ ತಡ, ಕಿಟಕಿಯಾಚೆ ನೆಲದ ಬಣ್ಣ ಬದಲಾಗುತ್ತದೆ. ಬೆನ್ನ ಹಿಂದೆ ಏಲಕ್ಕಿ ತೋಟಗಳ ಒದ್ದೆ ಕಪ್ಪುಗಂದು ಮಣ್ಣು, ಕೊಳೆತ ಎಲೆಯ ವಾಸನೆ. ಮುಂದೆ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಕೆಳಗೆ, ಕಂಬಂ ಕಣಿವೆ. ತೆಂಗು, ಬಾಳೆ, ದ್ರಾಕ್ಷಿ ಚಪ್ಪರ, ಭತ್ತ. ಆ ಹಸಿರಿನ ನಡುವೆ ಎಲ್ಲೆಲ್ಲಿ ಟ್ರ್ಯಾಕ್ಟರ್ ಓಡಾಡಿದೆಯೋ ಅಲ್ಲೆಲ್ಲ ಕಣ್ಣು ಕುಕ್ಕುವ ಕೆಂಪು. ಘಾಟಿ ಇಳಿದು ಲೋವರ್ ಕ್ಯಾಂಪಿನ ಆಚೆ ಸಾಗಿದರೆ ಗದ್ದೆಗಳ ಕೆಸರು ಬೂದು. ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರು ಹಾದು ತೇನಿ ಮುಟ್ಟಿ, ಆಂಡಿಪಟ್ಟಿಯ ಬಯಲಿಗೆ ಹೊರಳಿದರೆ ಮತ್ತೆ ಕೆಂಪು. ಆ ಕೆಂಪಿನ ತಗ್ಗುಗಳಲ್ಲಿ ಅಲ್ಲಲ್ಲಿ, ಹೇಳದೆ ಕೇಳದೆ, ಅಚ್ಚ ಕಪ್ಪು! ಒಂದು ಬೆಳಗಿನ ಬಸ್ ಪ್ರಯಾಣದಲ್ಲಿ ನಾಲ್ಕು ಮಣ್ಣು. ನಾಲ್ಕು ಬಗೆಯ ಕಲ್ಲಿನಿಂದ ನಾಲ್ಕು ಮಣ್ಣು ಹುಟ್ಟಿರಬೇಕು ಎಂದುಕೊಂಡಿರಾ? ಮಜಾ ಇರುವುದೇ ಅಲ್ಲಿ. ಇಲ್ಲಿನ ಕಲ್ಲು ಬಹುಪಾಲು ಒಂದೇ ಕುಲದ್ದು. ಅದಕ್ಕೆ ಇಷ್ಟೊಂದು ಬಣ್ಣ ಬಳಿದದ್ದು ನೀರು.

ಮೊದಲು ಆ ಕಲ್ಲನ್ನೇ ನೋಡೋಣ. ಹೊಸದಾಗಿ ಒಡೆದಾಗ ಅದು ಕೆಂಪಲ್ಲ. ಎಣ್ಣೆ ಸವರಿದ ಹಾಗೆ ಮಿರುಗುವ, ನೀಲಿಗೆ ತಿರುಗುವ ಕಡುಬೂದು. ಹೆಸರು ಚಾರ್ನೋಕೈಟ್. ಕೋಲ್ಕತ್ತಾದ ಸ್ಥಾಪಕ ಎಂದು ಹೆಸರಾದ ಜಾಬ್ ಚಾರ್ನೋಕ್‌ನ ಸಮಾಧಿಗೆ ಹೊದಿಸಿದ ಚಪ್ಪಡಿ ಮದರಾಸಿನ ಕಡೆಯದು; ಆ ಚಪ್ಪಡಿಯ ಕಲ್ಲನ್ನು ಪರೀಕ್ಷಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್ 1890ರ ದಶಕದಲ್ಲಿ ಅದಕ್ಕೆ ಸತ್ತವನ ಹೆಸರನ್ನೇ ಇಟ್ಟುಬಿಟ್ಟರು. ಕೊಡೈಕೆನಾಲಿನ ಬೆಟ್ಟಸಾಲು, ಬೋಡಿ ಬೆಟ್ಟಗಳು, ಮೇಘಮಲೆ ಇವೆಲ್ಲದರ ಮೈಕಟ್ಟು ಮುಖ್ಯವಾಗಿ ಇದೇ ಚಾರ್ನೋಕೈಟ್ ಮತ್ತು ಅದರ ನೆಂಟ ನೈಸ್ ಶಿಲೆಯದು. ಸುಮಾರು 55 ಕೋಟಿ ವರ್ಷಗಳ ಹಿಂದೆ, ಭೂಖಂಡಗಳು ಒಂದಕ್ಕೊಂದು ಒತ್ತಿ ಬೆಸೆದುಕೊಳ್ಳುತ್ತಿದ್ದ ಕಾಲದಲ್ಲಿ, ನೆಲದ ಆಳದ ಕುಲುಮೆಯಲ್ಲಿ ಈ ಕಲ್ಲುಗಳು ಮತ್ತೊಮ್ಮೆ ಬೆಂದವು. ಆಗ ಅವು ನೆಲದಡಿ ಇಪ್ಪತ್ತು ಕಿಲೋಮೀಟರಿಗೂ ಕೆಳಗಿದ್ದವು. ಇವತ್ತು ಅವುಗಳ ನೆತ್ತಿಯ ಮೇಲೆ ಚಹಾ ಗಿಡ ನೆಟ್ಟಿದ್ದಾರೆ!

ಈ ಕಲ್ಲು ಎಷ್ಟು ಗಟ್ಟಿ ಎಂದರೆ, ಭೌತವಿಜ್ಞಾನಿಗಳು ನ್ಯೂಟ್ರಿನೋ ಎಂಬ ಕಣವನ್ನು ಹಿಡಿಯಲು ಬೋಡಿಯ ಪಶ್ಚಿಮ ಬೆಟ್ಟವನ್ನೇ ಆರಿಸಿಕೊಂಡರು. ಪೊಟ್ಟಿಪುರಂ ಎಂಬ ಹಳ್ಳಿಯ ಪಕ್ಕದಲ್ಲಿ ಬೆಟ್ಟಕ್ಕೆ ಸುರಂಗ ಕೊರೆದು, ತಲೆಯ ಮೇಲೆ ಒಂದು ಕಿಲೋಮೀಟರಿಗೂ ದಪ್ಪದ ಬಂಡೆಯನ್ನು ಹೊದ್ದುಕೊಂಡು, 50 ಸಾವಿರ ಟನ್ ಕಬ್ಬಿಣದ ಶೋಧಕ ಇಡುವುದು ಯೋಜನೆ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಊರಿನವರ ವಿರೋಧ, ಕೋರ್ಟು, ರಾಜ್ಯ ಸರ್ಕಾರದ ಅಸಮ್ಮತಿ ಎಲ್ಲ ಸೇರಿ ಅದು ನಿಂತಿದೆ. ಆ ಜಗಳ ಬೇರೆಯದೇ ಕಥೆ. ನನ್ನನ್ನು ಬೆರಗಾಗಿಸಿದ್ದು ಇನ್ನೊಂದು. ವಿಶ್ವಕಿರಣಗಳಿಗೂ ಜಗ್ಗುವುದಿಲ್ಲ ಎಂದು ವಿಜ್ಞಾನಿಗಳು ನಂಬಿದ ಈ ಬಂಡೆ ಮಳೆಹನಿಗೆ ಸೋಲುತ್ತದೆ. ಸೋತು ಕೆಂಪಾಗುತ್ತದೆ.

ಹೇಗೆ ಎಂಬುದಕ್ಕೆ ಕಣಿವೆಯ ಅಂಚಿನಲ್ಲಿ ತೋಡಿದ ಯಾವುದಾದರೂ ತೆರೆದ ಬಾವಿಯ ಗೋಡೆ ಸಾಕು. ಮೇಲಿನ ಒಂದು ಗೇಣು ಮಾಸಲು ಕೆಂಪು. ಹುಲ್ಲಿನ ಬೇರು, ಮರಳು, ಸಣ್ಣ ಹರಳು. ಅದರ ಕೆಳಗೆ ಕೆಂಪು ಗಾಢವಾಗುತ್ತದೆ, ಮಣ್ಣು ಜಿಗುಟಾಗುತ್ತದೆ. ಅಲ್ಲಿಂದ ಒಂದು ಹೆಂಟೆ ಕಿತ್ತು ಮುರಿದು, ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ರಂಧ್ರಗಳ ಒಳಮೈಗೆ ಮೇಣ ಹಚ್ಚಿದಂಥ ಹೊಳಪು. ಅದು ಜೇಡಿಯ ಪೊರೆ. ಮಳೆ ಬಂದಾಗಲೆಲ್ಲ ಮೇಲ್ಮಣ್ಣಿನ ಅತಿ ನುಣುಪಾದ ಜೇಡಿಕಣಗಳು ನೀರಿನೊಂದಿಗೆ ಇಳಿದು, ನೀರು ಆರಿದ ಕಡೆ ಗೋಡೆಗೆ ಅಂಟಿ, ಒಂದರ ಮೇಲೊಂದು ಪದರವಾಗಿ ಕೂತಿವೆ. ಒಂದು ಮಳೆಗಾಲದ ಕೆಲಸವಲ್ಲ, ಸಾವಿರಾರು ಮಳೆಗಾಲಗಳದು. ಇನ್ನೂ ಕೆಳಗೆ ಹೋದರೆ ಅಸಲಿ ಅಚ್ಚರಿ: ಬಂಡೆಯ ಪಟ್ಟೆ, ಗೆರೆ, ಹರಳಿನ ಜೋಡಣೆ ಎಲ್ಲ ಹಾಗೇ ಇದೆ, ಆದರೆ ಬೆರಳಲ್ಲಿ ಒತ್ತಿದರೆ ಪುಡಿ! ಬಿಳಿಯ ಫೆಲ್ಡ್‌ಸ್ಪಾರ್ ಹರಳುಗಳು ಸೀಮೆಸುಣ್ಣದಷ್ಟು ಮೆತ್ತಗಾಗಿವೆ. ಬಂಡೆ ನಿಂತಲ್ಲೇ ಮಣ್ಣಾಗಿದೆ, ತನ್ನ ಆಕಾರವನ್ನೂ ಬಿಟ್ಟುಕೊಟ್ಟಿಲ್ಲ. ಅದರಡಿಯಲ್ಲಿ, ಬಾವಿಯ ನೀರು ಜಿನುಗುವ ಬಿರುಕುಗಳ ನಡುವೆ, ಆ ನೀಲಿಬೂದು ಚಾರ್ನೋಕೈಟ್.

ಕೆಂಪು ಎಲ್ಲಿಂದ ಬಂತು? ಚಾರ್ನೋಕೈಟಿನಲ್ಲಿ ಹೈಪರ್‌ಸ್ತೀನ್ ಎಂಬ ಖನಿಜವಿದೆ, ಅದರೊಳಗೆ ಕಬ್ಬಿಣವಿದೆ. ನೀರೂ ಗಾಳಿಯೂ ತಗುಲಿದ ಮೇಲೆ ಕಬ್ಬಿಣ ಏನು ಮಾಡುತ್ತದೆಯೋ ಅದನ್ನೇ ಇದೂ ಮಾಡುತ್ತದೆ: ತುಕ್ಕು ಹಿಡಿಯುತ್ತದೆ. ಬೇಸಿಗೆ ಕಾದು ಮಣ್ಣು ಒಣಗಿದಾಗ ಆ ತುಕ್ಕು ತನ್ನೊಳಗಿನ ನೀರನ್ನು ಬಿಟ್ಟು ಹೆಮಟೈಟ್ ಆಗುತ್ತದೆ. ಹೆಮಟೈಟ್ ಎಂಥ ಬಣ್ಣಗಾರ ಎಂದರೆ, ಮಣ್ಣಿನ ತೂಕದಲ್ಲಿ ತೀರ ಸ್ವಲ್ಪವೇ ಪಾಲಿದ್ದರೂ ಇಡೀ ಹೊಲವನ್ನು ತನ್ನ ಬಣ್ಣಕ್ಕೆ ತಿರುಗಿಸಿಬಿಡುತ್ತದೆ. ತಂಪು ಹೆಚ್ಚಾಗಿ, ತೇವ ಆರದೇ ಉಳಿದರೆ ಅದೇ ಕಬ್ಬಿಣ ಗೋಥೈಟ್ ಎಂಬ ಹಳದಿಗಂದು ಖನಿಜವಾಗುತ್ತದೆ. ಹಾಗಾಗಿ ತೇನಿಯ ಬಯಲಲ್ಲಿ ಕೆಂಪು, ಬೆಟ್ಟ ಹತ್ತಿದಂತೆ ಹಳದಿ.

ಈಗ ಪಶ್ಚಿಮಕ್ಕೆ ತಿರುಗಿ. ಬೆಟ್ಟದ ಆ ಮಗ್ಗುಲಲ್ಲಿ ಪೀರುಮೇಡಿನ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ಈ ಮಗ್ಗುಲಿನ ತೇನಿ ಬಯಲಿಗೆ 800ರ ಆಸುಪಾಸು. ಕೇರಳದ ತಗ್ಗುನಾಡಿನಲ್ಲಿ ಇಂಥದೇ ಕಲ್ಲಿನಿಂದ ಸುರಿಮಳೆ ಸಿಲಿಕಾ, ಸುಣ್ಣ, ಪೊಟ್ಯಾಷ್ ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯುಮಿನಿಯಂ. ಅದೇ ನಮ್ಮ ಮಂಗಳೂರು, ಉಡುಪಿ, ಕಾಸರಗೋಡಿನವರು ಕೊಡಲಿಯಲ್ಲಿ ಕಡಿದು ಮನೆ ಕಟ್ಟುವ ಮುರಕಲ್ಲು. ಮೈಸೂರು, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಅಂಗಾಡಿಪುರದಲ್ಲಿ ಕಂಡು ಲ್ಯಾಟರೈಟ್ ಎಂದು ಕರೆದದ್ದು 1807ರ ಪುಸ್ತಕದಲ್ಲಿದೆ. ಕಂಬಂನ ಕೆಮ್ಮಣ್ಣಿಗೆ ಆ ಗತಿ ಬರಲಿಲ್ಲ. ಮಳೆನೆರಳು ಅದನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿತು. ಸುಣ್ಣ, ಮೆಗ್ನೀಸಿಯಂಗಳಲ್ಲಿ ಒಂದಿಷ್ಟು ಇನ್ನೂ ಮಣ್ಣಿನಲ್ಲೇ ಉಳಿದಿದೆ, ಹುಳಿ ಏರಿಲ್ಲ. ಬೇಸಾಯಗಾರನಿಗೆ ಇದು ಎಷ್ಟು ದೊಡ್ಡ ಅದೃಷ್ಟ ಎಂಬುದು ಮುರಕಲ್ಲಿನ ಗುಡ್ಡದಲ್ಲಿ ಗುಂಡಿ ತೋಡಿ ಗೇರು ನೆಟ್ಟವರಿಗೆ ಗೊತ್ತು.

ಮಣ್ಣುವಿಜ್ಞಾನದ ಲೆಕ್ಕದ ಪುಸ್ತಕದಲ್ಲಿ ಈ ಅರ್ಧದಾರಿಯ ಮಣ್ಣಿಗೆ ಗೌರವದ ಸ್ಥಾನವಿದೆ. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಕರಡು ಹೊರಡಿಸಿ 1975ರಲ್ಲಿ ಪೂರ್ಣ ಗ್ರಂಥವಾಗಿ ತಂದ ವರ್ಗೀಕರಣವನ್ನೇ ನಮ್ಮವರೂ ಬಳಸುತ್ತಾರೆ. ಜಗತ್ತಿನ ಮಣ್ಣೆಲ್ಲ ಇವತ್ತು ಅದರಲ್ಲಿ 12 ಗಣ. ಜೇಡಿ ಕೆಳಗಿಳಿದು ಪದರ ಕಟ್ಟಿದ್ದರೆ, ಪೋಷಕಾಂಶ ತಕ್ಕಮಟ್ಟಿಗೆ ಉಳಿದಿದ್ದರೆ ಆಲ್ಫಿಸಾಲ್. ಅದರಲ್ಲೂ ವರ್ಷದಲ್ಲಿ ಕೆಲವು ತಿಂಗಳು ಒಣಗಿ, ಬೆಳೆಯ ಹೊತ್ತಿಗೆ ಒದ್ದೆಯಾಗುವಂಥದು ಉಸ್ಟಾಲ್ಫ್. ಅದರಲ್ಲೂ ಕಡುಗೆಂಪಾದರೆ ರೋಡಸ್ಟಾಲ್ಫ್. ಕಡುಗೆಂಪು ಎಂದು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಸರ್ವೆಯವರ ಚೀಲದಲ್ಲಿ ಬಣ್ಣದ ಚೌಕಗಳನ್ನು ಅಂಟಿಸಿದ ಮುನ್ಸೆಲ್ ಪುಸ್ತಕ ಇರುತ್ತದೆ; ಆಲ್ಬರ್ಟ್ ಮುನ್ಸೆಲ್ ಎಂಬ ಚಿತ್ರಕಲಾವಿದ ರೂಪಿಸಿದ ಪದ್ಧತಿ ಅದು. ಹೆಂಟೆಯನ್ನು ನೀರಿನಿಂದ ನೆನೆಸಿ, ಪುಟದ ತೂತಿನ ಹಿಂದೆ ಹಿಡಿದು, ಯಾವ ಚೌಕಕ್ಕೆ ಹೊಂದುತ್ತದೆ ನೋಡುತ್ತಾರೆ. 2.5ವೈಆರ್ 3/6 ಎಂದು ಬರೆದರೆ ಅದು ಕಡುಗೆಂಪು, ವಾದವಿಲ್ಲ. ಬೆಟ್ಟದ ಬುಡದ ಇಳಿಜಾರುಗಳಲ್ಲಿ ಪದರ ಕಟ್ಟಲು ಇನ್ನೂ ಪುರಸೊತ್ತು ಸಿಗದ ತೆಳುಮಣ್ಣುಗಳಿವೆ, ಅವು ಇನ್ಸೆಪ್ಟಿಸಾಲ್. ಇದರ ಜೊತೆಗೆ ಕಣಿವೆಯ ರೈತರದ್ದೇ ಒಂದು ವರ್ಗೀಕರಣ ಇದೆ, ಪುಸ್ತಕ ಬೇಡದ್ದು: ಸೆಮ್ಮಣ್, ಕರಿಸಲ್, ವಂಡಲ್, ಸರಳೈ. ಕೆಂಪು, ಕಪ್ಪು, ಮೆಕ್ಕಲು, ಗರಸು. ನೇಗಿಲಿಗೆ ಸಾಕಾಗುವಷ್ಟು ನಿಖರ.

ಈಗ ಆ ಕಪ್ಪು! ಉತ್ತರ ಕರ್ನಾಟಕದವರಿಗೆ ಎರೆಮಣ್ಣು ಎಂದರೆ ದಿಗಂತದವರೆಗಿನ ಬಯಲು, ಜೋಳ, ಹತ್ತಿ, ಕಡಲೆ. ಇಲ್ಲಿ ಅದು ತುಂಡು ತುಂಡು, ತಗ್ಗು ಸಿಕ್ಕಲ್ಲಿ ಮಾತ್ರ. ದಿಬ್ಬದ ಮೇಲಿನ ಕಲ್ಲು ಕರಗುವಾಗ ಬಿಟ್ಟುಕೊಟ್ಟ ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಮಳೆನೀರಿನೊಡನೆ ಮಣ್ಣಿನೊಳಗೇ ಜಾರಿ ತಗ್ಗಿಗೆ ಬರುತ್ತವೆ. ಅಲ್ಲಿಂದ ಮುಂದೆ ಹೋಗಲು ನೀರಿಗೆ ದಾರಿಯಿಲ್ಲ, ಒಯ್ಯುವಷ್ಟು ಮಳೆಯೂ ಇಲ್ಲ. ನೀರು ಆವಿಯಾಗುತ್ತದೆ, ಸಾಮಾನು ಉಳಿಯುತ್ತದೆ. ಆ ಸಾಮಾನಿನಿಂದ ಕಟ್ಟಿಕೊಳ್ಳುವುದು ಸ್ಮೆಕ್ಟೈಟ್ ಎಂಬ ಬೇರೆಯೇ ಜೇಡಿ. ದಿಬ್ಬದ ಮೇಲೆ ಕೆಯೊಲಿನೈಟ್ ಜೇಡಿ, ತಗ್ಗಿನಲ್ಲಿ ಸ್ಮೆಕ್ಟೈಟ್. ನಡುವೆ ಕೂಗಳತೆಯ ದೂರ. ಕೆಯೊಲಿನೈಟಿನ ಒಂದು ಗ್ರಾಮಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 10-20 ಚದರ ಮೀಟರ್, ಒಂದು ಮಲಗುವ ಕೋಣೆ. ಸ್ಮೆಕ್ಟೈಟಿನ ಒಂದು ಗ್ರಾಮಿಗೆ? 800 ಚದರ ಮೀಟರಿನವರೆಗೆ! ಬೆಂಗಳೂರಿನ ಲೆಕ್ಕದಲ್ಲಿ ಮೂವತ್ತು-ನಲವತ್ತರ ಏಳು ಸೈಟುಗಳು, ಒಂದು ಚಿಟಿಕೆ ಮಣ್ಣಿನೊಳಗೆ ಮಡಚಿಟ್ಟಿವೆ.

ಆ ಹಾಳೆಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಯುವ ಬಿರುಕು. ಮೇಲಿನ ಮಣ್ಣು ಬಿರುಕಿನೊಳಕ್ಕೆ ಉದುರುತ್ತದೆ, ಮಳೆ ಬಂದಾಗ ಕೆಳಗೆ ಜಾಗ ಸಾಲದೆ ಇಡೀ ನೆಲ ಮಗುಚಿಕೊಳ್ಳುತ್ತದೆ. ಹೆಂಟೆಗೆ ಹೆಂಟೆ ಉಜ್ಜಿ ಒಳಮೈಯೆಲ್ಲ ಪಾಲಿಶ್ ಆಗಿರುತ್ತದೆ. ಉಳುವವನಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುವ ಈ ಮಣ್ಣಿಗೆ ವರ್ಗೀಕರಣದಲ್ಲಿ ವರ್ಟಿಸಾಲ್ ಎಂದು ಹೆಸರು. ಆಳದಲ್ಲಿ ಬಿಳಿಯ ಗಂಟುಗಳು ಸಿಗುತ್ತವೆ, ಊರಿನವರು ಸುಕ್ಕಾನ್ ಕಲ್ಲು ಎನ್ನುತ್ತಾರೆ. ಅದರ ಮೇಲೆ ಆಸಿಡ್ಡಿನ ಒಂದು ಹನಿ ಬಿಟ್ಟರೆ ಚುಂಯ್ ಎಂದು ನೊರೆ ಏಳುತ್ತದೆ: ದಿಬ್ಬದಿಂದ ಕರಗಿ ಬಂದ ಸುಣ್ಣ, ಇಲ್ಲಿ ಮತ್ತೆ ಕಲ್ಲಾಗಿ ಕೂತಿದೆ. ದಿಬ್ಬದಿಂದ ತಗ್ಗಿನವರೆಗೆ ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮಣ್ಣುಗಳ ಸಾಲಿಗೆ ಕೆಟೀನಾ ಎಂದು ಹೆಸರಿಟ್ಟದ್ದು ಜೆಫ್ರಿ ಮಿಲ್ನ್, 1930ರ ದಶಕದಲ್ಲಿ, ಪೂರ್ವ ಆಫ್ರಿಕದ ಗುಡ್ಡಗಳಲ್ಲಿ. ಅವರು ಆಂಡಿಪಟ್ಟಿಗೆ ಬಂದಿದ್ದರೂ ಅದೇ ಪಾಠ ಸಿಗುತ್ತಿತ್ತು.

ಇಲ್ಲೊಂದು ಒಗಟು. ಇಷ್ಟು ದಪ್ಪ ಕೆಮ್ಮಣ್ಣಾಗಲು, ಜೇಡಿ ಇಷ್ಟು ಆಳಕ್ಕೆ ಇಳಿಯಲು 800 ಮಿಲಿಮೀಟರ್ ಮಳೆ ಸಾಲದು. ಜೊತೆಗೆ ಕೆಲವು ಕೆಂಪು ಹೊಲಗಳ ಆಳದಲ್ಲೂ ಸುಣ್ಣದ ಗಂಟು ಸಿಗುತ್ತದೆ. ತೊಳೆದುಹೋಗಬೇಕಿದ್ದ ಸುಣ್ಣ ಅಲ್ಲಿ ಹೇಗೆ ಕೂತಿತು? ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯ ಡಿ.ಕೆ. ಪಾಲ್ ಮತ್ತು ಅವರ ಸಂಗಡಿಗರು ದಕ್ಷಿಣದ ಕೆಂಪು ಮಣ್ಣುಗಳ ಬಗ್ಗೆ ಕೊಡುವ ಉತ್ತರ ಇದು: ಕೆಂಪಾದದ್ದು ಹಿಂದಿನ ಹೆಚ್ಚು ಮಳೆಯ ಯುಗದಲ್ಲಿ, ಸುಣ್ಣ ಕಟ್ಟಿದ್ದು ಆಮೇಲಿನ ಒಣ ಯುಗದಲ್ಲಿ. ಒಂದೇ ಹೊಲದಲ್ಲಿ ಎರಡು ಹವಾಮಾನಗಳ ದಾಖಲೆ! ಇವತ್ತು ಈ ಮಣ್ಣು ಕೊಚ್ಚಿಹೋದರೆ ಇವತ್ತಿನ ಮಳೆ ಅದನ್ನು ಹಾಗೆಯೇ ಮತ್ತೆ ಮಾಡಿಕೊಡಲಾರದು.

ಆದರೆ 1895ರಲ್ಲಿ ಕಣಿವೆಗೆ ಇನ್ನೊಂದು ಮಳೆಯನ್ನು ತಂದರು. ಜಾನ್ ಪೆನ್ನಿಕ್ವಿಕ್ ಎಂಬ ಇಂಜಿನಿಯರ್ ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ, ಬೆಟ್ಟಕ್ಕೆ ಸುರಂಗ ಕೊರೆದು, ಕೇರಳದ ಮಳೆನೀರನ್ನು ಪೂರ್ವಕ್ಕೆ ತಿರುಗಿಸಿದರು. ಕಣಿವೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅವರ ಪಟ ಇದೆ, ಮಕ್ಕಳಿಗೆ ಅವರ ಹೆಸರಿದೆ. ಆ ನೀರಿನಿಂದ ಕಂಬಂ ಕಣಿವೆಯಲ್ಲಿ 14,707 ಎಕರೆ ಎರಡು ಬೆಳೆ ಭತ್ತ ಕಾಣುತ್ತದೆ. ಮತ್ತು ಕೆಂಪು ಮಣ್ಣು ಬೂದಾಗುತ್ತದೆ! ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲ. ಉಸಿರಿಗೆ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಕಬ್ಬಿಣದ ತುಕ್ಕನ್ನೇ ಬಳಸಿ ಉಸಿರಾಡುತ್ತವೆ. ತುಕ್ಕು ಕರಗಿ ಬಣ್ಣ ಮಾಯ. ನಾಟಿಯಾಗಿ ಕೆಲವು ವಾರ ಕಳೆದ ಗದ್ದೆಯಿಂದ ಒಂದು ಪೈರನ್ನು ಮೆಲ್ಲಗೆ ಕಿತ್ತು ಕಾಲುವೆಯಲ್ಲಿ ತೊಳೆದು ನೋಡಿ. ಸುತ್ತ ಕೆಸರೆಲ್ಲ ಬೂದು, ಬೇರು ಮಾತ್ರ ಕಿತ್ತಳೆಗೆಂಪು. ಎಷ್ಟು ತೊಳೆದರೂ ಹೋಗುವುದಿಲ್ಲ. ಭತ್ತ ತನ್ನ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತದೆ. ಬೇರಿನಿಂದ ಸೋರಿದ ಆ ಗಾಳಿ ಅಕ್ಕಪಕ್ಕದ ಕರಗಿದ ಕಬ್ಬಿಣಕ್ಕೆ ಮತ್ತೆ ತುಕ್ಕು ಹಿಡಿಸುತ್ತದೆ. ಬೆಟ್ಟ ಲಕ್ಷಾಂತರ ವರ್ಷ ತೆಗೆದುಕೊಂಡ ಕೆಲಸವನ್ನು ಒಂದು ಹುಲ್ಲು ಒಂದು ತಿಂಗಳಲ್ಲಿ ಮಾಡಿ ಮುಗಿಸಿದೆ, ಅದೂ ದಾರದಷ್ಟು ಸಣ್ಣ ಬೇರಿನ ಸುತ್ತ.

ನೀರು ನಿಲ್ಲದ ಎತ್ತರದ ಕೆಂಪಿನಲ್ಲಿ ದ್ರಾಕ್ಷಿ. ಮಸ್ಕಟ್ ಹ್ಯಾಂಬರ್ಗ್ ತಳಿ, ಊರಿನ ಬಾಯಲ್ಲಿ ಪನ್ನೀರ್ ದ್ರಾಕ್ಷಿ, 2023ರಿಂದ ಭೌಗೋಳಿಕ ಸೂಚಿಯ ಮುದ್ರೆ. ಬೇರಿಗೆ ಗಾಳಿ ಬೇಕೆನ್ನುವ ಬಳ್ಳಿಗೆ ನೀರು ಬಸಿಯುವ ಈ ಮಣ್ಣು ಒಗ್ಗುತ್ತದೆ. ಬೇರೆ ಕಡೆ ಒಂದು ಋತುವಿಗೆ ಸೀಮಿತವಾದ ಕೊಯ್ಲು ಇಲ್ಲಿ ವರ್ಷವಿಡೀ ಒಂದಲ್ಲ ಒಂದು ಚಪ್ಪರದಲ್ಲಿ ನಡೆಯುತ್ತದೆ. ಹಾಗೆಂದು ಕೆಮ್ಮಣ್ಣನ್ನು ತೀರ ಹೊಗಳಬಾರದು. ಸಾರಜನಕ ಕಡಿಮೆ, ರಂಜಕ ಕಡಿಮೆ, ಸತು ಕಡಿಮೆ, ಸಾವಯವ ಇಂಗಾಲವಂತೂ ನಾಚಿಕೆಯಾಗುವಷ್ಟು ಕಡಿಮೆ. ಒಂದು ಜೋರು ಮಳೆ ಬಿದ್ದು ಬಿಸಿಲು ಕಾದರೆ ಮೇಲ್ಮೈ ಗಟ್ಟಿ ಪದರ ಕಟ್ಟಿ, ಮೊಳಕೆ ಒಳಗೇ ಕತ್ತು ಮುರಿದುಕೊಳ್ಳುತ್ತದೆ.

ಇದಕ್ಕೆ ಕಣಿವೆಯ ಹಳೆಯ ಮದ್ದು ದನ. ಇಲ್ಲಿ ನಮ್ಮವರ ಕಥೆಯೂ ಸೇರಿಕೊಳ್ಳುತ್ತದೆ. ಕಂಬಂ ಸುತ್ತಿನ ಕಪ್ಪಿಲಿಯರು ಮನೆಯೊಳಗೆ ಕನ್ನಡ ಆಡುವ ಒಕ್ಕಲು ಜನ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೇ ಅವರನ್ನೂ ಅನುಪ್ಪರೆಂಬ ಇನ್ನೊಂದು ಜನರನ್ನೂ ಕನ್ನಡದ ಬೇಸಾಯಗಾರರೆಂದು ದಾಖಲಿಸಿದ್ದಾರೆ. ಕಂಬಂನಲ್ಲಿ ಅವರ ನಂದಗೋಪಾಲ ದೇವಸ್ಥಾನವಿದೆ, ಅಲ್ಲಿ ದನದ ಕೊಟ್ಟಿಗೆಯೇ ಗುಡಿ; ದೇವರಿಗೆ ಬಿಟ್ಟ ದನಗಳ ಹಿಂಡಿಗೆ ಪೂಜೆ. ಬೆಟ್ಟದ ಕಾಡಿನಲ್ಲಿ ಮೇಯುವ ಮಲೆಮಾಡುಗಳ ಮಂದೆಯನ್ನು ಕೊಯ್ಲಾದ ಹೊಲದಲ್ಲಿ ರಾತ್ರಿ ತಂಗಿಸುವ ಪದ್ಧತಿ ಈ ಜಿಲ್ಲೆಯಲ್ಲಿ ಇನ್ನೂ ಇದೆ. ನಮ್ಮಲ್ಲಿ ಕುರಿಮಂದೆ ನಿಲ್ಲಿಸುವಂತೆಯೇ. ಕಾಡಿನ ಸೊಪ್ಪು ದನದ ಹೊಟ್ಟೆಯ ಮೂಲಕ ಕೆಂಪು ಹೊಲಕ್ಕೆ ಇಳಿಯುತ್ತದೆ. ಇನ್ನೊಂದು ಮದ್ದು ಕೆರೆಯ (ಊರಿನ ಬಾಯಲ್ಲಿ ಕಣ್ಮಾಯ್) ಹೂಳು: ದಿಬ್ಬದಿಂದ ಕೊಚ್ಚಿಹೋದ ಜೇಡಿಯನ್ನು ಕಣ್ಮಾಯ್‌ನಿಂದ ಅಗೆದು ಗಾಡಿಯಲ್ಲಿ ಮತ್ತೆ ದಿಬ್ಬಕ್ಕೆ ಹೊರುವುದು. ಕೆಟೀನಾವನ್ನು ಹಿಂದುಮುಂದಾಗಿ ಓಡಿಸುವ ಈ ಜಾಣತನಕ್ಕೆ ಯಾರೂ ಡಾಕ್ಟರೇಟ್ ಕೊಟ್ಟಿಲ್ಲ.

ಪಕ್ಕದ ದಿಂಡಿಗಲ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗಬೇಕಾದದ್ದು ಹೈದರಾಲಿ. ಮೈಸೂರಿನ ಸೇನಾನಿಯಾಗಿ 1755ರಲ್ಲಿ ಅಲ್ಲಿಗೆ ಫೌಜುದಾರನಾಗಿ ಹೋದ ಮೇಲೆಯೇ ಅವನ ಭಾಗ್ಯ ತೆರೆದದ್ದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಆ ಸೀಮೆ ಬ್ರಿಟಿಷರಿಗೆ ಹೋಯಿತು. ಕೋಟೆ ನಿಂತ ಬೋಳುಬಂಡೆ ನೋಡಿ: ಸುತ್ತಲಿನ ಕಲ್ಲೆಲ್ಲ ಕರಗಿ ಕೆಮ್ಮಣ್ಣಾದರೂ ಬಿರುಕು ಕಡಿಮೆಯಿದ್ದ ಈ ಗಡ್ಡೆಗೆ ನೀರು ನುಗ್ಗಲಾಗದೆ ಅದು ಹಾಗೇ ಉಳಿಯಿತು. ಬಿರುಕು ಇದ್ದಿದ್ದರೆ ಕೋಟೆಯಿರುತ್ತಿರಲಿಲ್ಲ, ಅಲ್ಲೊಂದು ನುಗ್ಗೆ ತೋಟ ಇರುತ್ತಿತ್ತು. ಅದೇ ಊರಿನ ಚರ್ಮದ ಹದಗಾರಿಕೆಯ ನೀರು ನೆಲಕ್ಕಿಳಿದಾಗ ಕ್ರೋಮಿಯಂನ ಬಹುಪಾಲು ಮೇಲಿನ ಮಣ್ಣಿಗೇ ಅಂಟಿಕೊಂಡರೆ, ಉಪ್ಪು ತಡೆಯಿಲ್ಲದೆ ಬಾವಿಗಳಿಗೆ ಇಳಿಯಿತು. ಬೆರಗಿನ ಬರಹದಲ್ಲಿ ಇದನ್ನು ಬಿಡಬಹುದಿತ್ತು. ಆದರೆ ನೀರು ಒಯ್ಯುವುದು ಸುಣ್ಣವನ್ನಷ್ಟೇ ಅಲ್ಲ.

ಪಳನಿಯ ಹತ್ತಿರದ ಪೊರುಂದಲ್ ಇನ್ನೂ ಸ್ವಾರಸ್ಯ. ಪುದುಚೇರಿ ವಿಶ್ವವಿದ್ಯಾಲಯದ ಕೆ. ರಾಜನ್ 2009-10ರಲ್ಲಿ ಅಲ್ಲಿನ ಸಮಾಧಿಗಳನ್ನು ಅಗೆಯುವಾಗ ನಾಲ್ಕು ಕಾಲಿನ ಗಡಿಗೆಯೊಳಗೆ ಕಿಲೋಗಟ್ಟಲೆ ಭತ್ತ ಸಿಕ್ಕಿತು! ಕಾಳಿನ ಕಾಲ ಕ್ರಿ.ಪೂ. 490ರ ಸುಮಾರು ಎಂದು ಪ್ರಯೋಗಾಲಯ ಹೇಳಿತು. ಬಂಡೆಯನ್ನೇ ಕರಗಿಸುವ ನೆಲದಲ್ಲಿ ಭತ್ತದ ಹೊಟ್ಟು ಉಳಿದದ್ದು ಹೇಗೆ? ಕಲ್ಲುಚಪ್ಪಡಿಯ ಕೋಣೆ, ಅದರೊಳಗೆ ಸುಟ್ಟ ಮಣ್ಣಿನ ಗಡಿಗೆ, ಎಂಟುನೂರು ಮಿಲಿಮೀಟರಿನ ಮಳೆ. ಇದೇ ಗಡಿಗೆ ಮುರಕಲ್ಲಿನ ನಾಡಿನಲ್ಲಿ ಹೂತಿದ್ದರೆ ಒಂದು ಕಾಳೂ ಸಿಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಅಲ್ಲಿಂದ ಕೊಡೈಕೆನಾಲಿಗೆ ಹತ್ತಿದರೆ, ಅದೂ ದಿಂಡಿಗಲ್ ಜಿಲ್ಲೆಯೇ, 2,000 ಮೀಟರಿನ ಮೇಲೆ ಹುಲ್ಲು ಮತ್ತು ಶೋಲಾ ಕಾಡಿನಡಿ ಮತ್ತೆ ಕಪ್ಪು. ಆದರೆ ಇದು ತಗ್ಗಿನ ಕಪ್ಪಲ್ಲ: ಚಳಿಗೆ ಕೊಳೆಯಲು ಮರೆತ ಬೇರು, ಎಲೆಗಳ ಕಪ್ಪು. ಹಗುರ, ಹುಳಿ, ಬಿರಿಯುವುದಿಲ್ಲ. ಒಂದು ಗೇಣು ಕೆರೆದರೆ ಅಡಿಯಲ್ಲಿ ಹಳದಿ.

ಕಣಿವೆಯ ಕಡೆ ಹೋಗುವವರು ಎರಡು ಖಾಲಿ ನೀರಿನ ಬಾಟಲಿ ಇಟ್ಟುಕೊಳ್ಳಿ. ಒಂದಕ್ಕೆ ಒಂದು ಹಿಡಿ ಕೆಂಪು, ಇನ್ನೊಂದಕ್ಕೆ ತಗ್ಗಿನ ಒಂದು ಹಿಡಿ ಕಪ್ಪು. ಮನೆಗೆ ಬಂದು ನೀರು ತುಂಬಿ, ಚಿಟಿಕೆ ಬಟ್ಟೆಸೋಡಾ ಹಾಕಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತದೆ. ಕೆಂಪಿನ ಬಾಟಲಿಯಲ್ಲಿ ದಪ್ಪ ಪದರ, ಕಪ್ಪಿನದರಲ್ಲಿ ತೆಳು. ಹೂಳು ಕೂರಲು ಗಂಟೆಗಳು ಬೇಕು. ಎರಡು ಮೈಕ್ರಾನಿನ ಜೇಡಿಕಣಕ್ಕೆ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ, ಅದಕ್ಕಿಂತ ಸಣ್ಣವು ದಿನಗಟ್ಟಲೆ ತೇಲುತ್ತವೆ. ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸಿದರೆ ಗಾಬರಿ ಬೇಡ. ಅವರು ಹುಡುಕುವುದು ಏಲಕ್ಕಿ, ಗಾಂಜಾ ಇತ್ಯಾದಿ. ಮಣ್ಣು ಎಂದರೆ ನಕ್ಕು ಬಿಡುತ್ತಾರೆ.